ಕರೆ ಮುಗಿದ ಮೇಲಿನ ಹತ್ತು ನಿಮಿಷ

ತುರ್ತು ಕರೆ ಕೇಂದ್ರದ ಮುಖ್ಯಾಧಿಕಾರಿಗಳೇ,

ನನ್ನ ತಮ್ಮನ ಅಮಾನತು ಆದೇಶದಲ್ಲಿ ‘ಒತ್ತಡ ಸಹಿಸುವ ಸಾಮರ್ಥ್ಯವಿಲ್ಲದ ವ್ಯಕ್ತಿ’ ಎಂದು ಬರೆದು ತಾವು ರುಜು ಹಾಕಿದ್ದೀರಿ. ನನ್ನ ತಕರಾರು ಆ ಒಂದು ಸಾಲಿನ ಮೇಲೆ. ಅವನು ಕುಡಿದು ಕೆಲಸಕ್ಕೆ ಬಂದದ್ದು ನಿಜ. ಅದನ್ನು ಮುಚ್ಚಿಡಲು ನಾನು ಬರೆಯುತ್ತಿಲ್ಲ.

ಆಂಬುಲೆನ್ಸ್ ಬೇಕೆಂದು ಜನ ಫೋನ್ ಮಾಡಿದರೆ ಮೊದಲು ಕೇಳುತ್ತಿದ್ದದ್ದು ಅವನ ದನಿ. ಒಂಬತ್ತು ವರ್ಷ ಆ ಕುರ್ಚಿಯಲ್ಲಿ ಕೂತ. ಅದರಲ್ಲಿ ಐದು ವರ್ಷ, ಕಿವಿಯಲ್ಲಿ ಉಳಿದದ್ದನ್ನೆಲ್ಲ ತೊಳೆಯಲೆಂದು ಕುಡಿದ. ಕುಡಿತ ಕಾಯಿಲೆಯಾಯಿತು, ಹೆಂಡತಿ ತವರು ಸೇರಿದಳು, ಎರಡು ಸಲ ಆಸ್ಪತ್ರೆಯಾಯಿತು. ಕೊನೆಗೆ ಬಿಟ್ಟ. ಬಿಟ್ಟು ಇಪ್ಪತ್ತೆರಡು ತಿಂಗಳಾಗಿತ್ತು. ಹೇಗೆ ಬಿಟ್ಟನೆಂದು ತಾವು ಯಾವತ್ತಾದರೂ ವಿಚಾರಿಸಿದ್ದುಂಟೆ? ಕೆಟ್ಟ ಕರೆ ಬಂದ ಮೇಲೆ ಹತ್ತು ನಿಮಿಷ ಹೊರಗೆ ಹೋಗು, ನಿನ್ನವರ ಹತ್ತಿರ ಮಾತಾಡು ಎಂದು ಆ ಆಸ್ಪತ್ರೆಯ ಡಾಕ್ಟರಮ್ಮ ಹೇಳಿಕೊಟ್ಟಿದ್ದರು. ಅವನು ಮೆಟ್ಟಿಲ ಬಳಿ ನಿಂತು ನನಗೆ ಫೋನ್ ಮಾಡುತ್ತಿದ್ದ. ಕರೆಯ ವಿಷಯ ಎತ್ತುತ್ತಿರಲಿಲ್ಲ. ನಾನು ಹೊಲಿದ ಅಂಗಿಯ ಒಂದು ತೋಳು ಗಿಡ್ಡವಾದ ಕಥೆ ಹೇಳುತ್ತಿದ್ದೆ. ನಕ್ಕು ಒಳಗೆ ಹೋಗುತ್ತಿದ್ದ. ಅವನ ಮನೋಬಲ ಅಂದರೆ ಇಷ್ಟೇ, ಸ್ವಾಮಿ.

ಆ ಹತ್ತು ನಿಮಿಷಕ್ಕೆ ತಾವು ‘ಅನುತ್ಪಾದಕ ವಿರಾಮ’ವೆಂದು ನಾಮಕರಣ ಮಾಡಿ ರದ್ದುಪಡಿಸಿದಿರಿ. ಬದಲಿಗೆ ಮನಃಸ್ಥೈರ್ಯದ ಬಗ್ಗೆ ಅರ್ಧ ದಿನದ ಶಿಬಿರವನ್ನೂ ಗೋಡೆಗೊಂದು ಸೂರ್ಯೋದಯದ ಚಿತ್ರವನ್ನೂ ದಯಪಾಲಿಸಿದಿರಿ.

ಮೂರು ವಾರ ಕಳೆದಿರಬಹುದು. ಒಂದು ಮಧ್ಯಾಹ್ನ ಒಬ್ಬ ತಾಯಿ ಫೋನ್ ಮಾಡಿದಳು. ಕೂಸಿಗೆ ಉಸಿರಿಲ್ಲ. ಎದೆ ಹೇಗೆ ಒತ್ತಬೇಕೆಂದು ಇವನು ಹತ್ತೊಂಬತ್ತು ನಿಮಿಷ ಎಣಿಸುತ್ತ ಹೇಳಿಕೊಟ್ಟ. ಆಂಬುಲೆನ್ಸಿನವರು ಒಳಗೆ ಬಂದು ಇನ್ನು ಬೇಡವೆಂದದ್ದನ್ನು ಫೋನಿನಲ್ಲೇ ಕೇಳಿಸಿಕೊಂಡ. ಅಷ್ಟರಲ್ಲಿ ಪರದೆಯ ಮೇಲೆ ಮುಂದಿನ ಕರೆ. ಹೊರಗೆ ಹೋಗಿ ಬರಲು ಮೇಲ್ವಿಚಾರಕರನ್ನು ಕೇಳಿದನಂತೆ. ಅವರೂ ಕೆಟ್ಟವರಲ್ಲ, ಆದೇಶದ ಪ್ರತಿ ತೋರಿಸಿ ತಲೆ ತಗ್ಗಿಸಿದರಂತೆ. ಇವನು ಮತ್ತೆ ಕೂತು ಹದಿನಾಲ್ಕು ಕರೆ ತೆಗೆದುಕೊಂಡ. ಒಂದರಲ್ಲೂ ತಪ್ಪಿಲ್ಲವೆಂದು ತಮ್ಮದೇ ಕಚೇರಿಯ ಧ್ವನಿಮುದ್ರಣ ಹೇಳುತ್ತದೆ. ಸಹಿಸುವ ಸಾಮರ್ಥ್ಯ ಅನ್ನುವುದು ಇದಕ್ಕಿಂತ ಹೇಗಿರಬೇಕಿತ್ತು?

ಸಂಜೆ ಅವನು ನನ್ನ ಮನೆ ಬಾಗಿಲಲ್ಲಿ ಕೂತಿದ್ದ. ಹತ್ತಿರ ಹೋದರೆ ಹೆಂಡದ ವಾಸನೆ.

“ಮಗು ಹೋದ್ಮೇಲೂ ಆಯಮ್ಮ ನಂಗೆ ಥ್ಯಾಂಕ್ಸ್ ಹೇಳಿದ್ಲು ಅಕ್ಕ,” ಅಂದ.

ಒಳಗೆ ಕರೆದು ಊಟಕ್ಕಿಟ್ಟೆ, ಮುಟ್ಟಲಿಲ್ಲ. ಮರುದಿನವೂ ಕುಡಿದ, ಕುಡಿದೇ ಕೆಲಸಕ್ಕೆ ಬಂದ. ಆಮೇಲೆ, ಕುಡಿಯದೆ ಕಳೆದ ದಿನಗಳ ಲೆಕ್ಕ ಹಾಕುವುದನ್ನು ಇಬ್ಬರೂ ಬಿಟ್ಟೆವು.

ಈಗ ಮೂರನೇ ಸಲ ಆಸ್ಪತ್ರೆಯಲ್ಲಿದ್ದಾನೆ. ಕೈ ನಡುಗುವುದರಿಂದ ನೀರಿನ ಲೋಟ ನಾನೇ ಹಿಡಿಯುತ್ತೇನೆ. ಮತ್ತೆ ಚೇತರಿಸಿಕೊಳ್ಳಬಹುದು ಎನ್ನುತ್ತಾರೆ ಡಾಕ್ಟರಮ್ಮ. ಯಾವಾಗ ಎಂದರೆ ಮುಂದಿನ ಹಾಸಿಗೆಗೆ ಹೋಗುತ್ತಾರೆ.

ಅಮಾನತು ಹಿಂತೆಗೆಯಿರಿ ಎಂದು ಕೇಳುತ್ತಿಲ್ಲ. ಅವನೀಗ ಯಾರ ಕರೆಯನ್ನೂ ತೆಗೆದುಕೊಳ್ಳಲಾರ. ಅವನ ಚೀಲ ಒಯ್ಯಲು ನಾನು ತಮ್ಮ ಕಚೇರಿಗೆ ಬಂದ ದಿನ ಅವನ ಜಾಗದಲ್ಲಿ ಒಬ್ಬ ಹೊಸ ಹುಡುಗಿ ಕೂತಿದ್ದಳು. ಅಳುತ್ತಲೇ ಯಾರಿಗೋ ವಿಳಾಸ ಕೇಳುತ್ತಿದ್ದಳು, ದನಿ ಮಾತ್ರ ಒಂಚೂರೂ ಅಲುಗಲಿಲ್ಲ. ಅವಳಿಗೆ ಆ ಹತ್ತು ನಿಮಿಷ ಕೊಡಿ. ಲಿಖಿತವಾಗಿ, ಈ ವಾರವೇ ಕೊಡಿ.

ಇಂತಿ,
ಬರೆಯುವುದೊಂದು ಬಿಟ್ಟು ಮತ್ತೇನೂ ಕೈಲಾಗದ
ಅವನ ಅಕ್ಕ