ನಿನ್ನ ನಡಿಗೆ, ನನ್ನ ನಿಯ್ಯತ್ತು

ಶುಕ್ರವಾರ, ಮಧ್ಯಾಹ್ನದ ನಮಾಜಿನ ನಂತರ

ನನ್ನ ಬಾಯಿಬಡುಕಿ ಮಗಳಿಗೆ,

ಅಸ್ಸಲಾಮು ಅಲೈಕುಂ. ಇಲ್ಲಿ ನಾನೂ ನಿನ್ನ ಚಿಕ್ಕಮ್ಮನೂ ಕ್ಷೇಮ. ನೀನು, ಅಳಿಯ, ನನ್ನ ಬೀಗಿತ್ತಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಬೆಳಿಗ್ಗೆ ಸಂಜೆ ಫೋನ್ ಮಾಡಿ ನನ್ನ ಕಿವಿ ತೂತು ಮಾಡುವವಳು ಇದೊಂದು ಮಾತನ್ನು ಮಾತ್ರ ಕಾಗದದಲ್ಲಿ ಬರೆದು ಕಳಿಸಿದೆಯಲ್ಲ, ಲಕೋಟೆ ನೋಡಿದಾಗಲೇ ಇದು ಸಣ್ಣ ಮಾತಲ್ಲ ಅನಿಸಿತು. ಓದಿದೆ. ಮತ್ತೆ ಓದಿದೆ. ನಿನ್ನ ಹಜ್ ಹಿಂದೆಯೇ ಮುಗಿದಿದೆ, ಈ ಸಲ ಅತ್ತೆಯನ್ನು ಕರೆದುಕೊಂಡು ಹೋಗುತ್ತಿದ್ದೀಯ, ಹೇಗೂ ಹೋಗುತ್ತಿರುವುದರಿಂದ ನನ್ನ ಹೆಸರಿನಲ್ಲಿ ನಿಯ್ಯತ್ತು ಮಾಡಿ, ಸಂಕಲ್ಪ ತೊಟ್ಟು, ನನ್ನ ಬದಲಿಗೆ ಹಜ್ ಮಾಡಲೇ, ಅಮ್ಮಿ ಒಪ್ಪಿದರೆ ಮಾತ್ರ ಎಂದು ಕೇಳಿದ್ದೀಯ. ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಫೋನಿನಲ್ಲಿ ನೀನು ಮಾತು ಎತ್ತಿದಾಗಲೆಲ್ಲ ಬಾಗಿಲಿಗೆ ಯಾರೋ ಬಂದರು ಎಂದು ಇಟ್ಟುಬಿಡುತ್ತಿದ್ದೆ. ಯಾರೂ ಬಂದಿರುತ್ತಿರಲಿಲ್ಲ.

ಮೊದಲು ಬಂದದ್ದು ಸಿಟ್ಟು, ಸುಳ್ಳು ಯಾಕೆ ಹೇಳಲಿ. ಬದಲಿ ಹಜ್ ಯಾರ ಹೆಸರಿನಲ್ಲಿ ಮಾಡುತ್ತಾರೆಂದು ನನಗೆ ಗೊತ್ತಿಲ್ಲವೇ? ತೀರಿಕೊಂಡವರ ಹೆಸರಿನಲ್ಲಿ, ಇಲ್ಲವೇ ಬದುಕಿದ್ದೂ ಇನ್ನೆಂದೂ ಹೋಗಲಾಗದವರ ಹೆಸರಿನಲ್ಲಿ. ನಾನಂತೂ ಸತ್ತಿಲ್ಲ. ಅಮ್ಮಿ, ನೀನು ಇನ್ನು ಹುಷಾರಾಗುವುದಿಲ್ಲ ಎಂದು ನೇರವಾಗಿ ಹೇಳಲಾರದೆ ಮಗಳು ಹೀಗೆ ಬೆಣ್ಣೆ ಸವರಿ ಬರೆದಿದ್ದಾಳೆ ಅನಿಸಿತು. ಅದೂ ಯಾರ ಜೊತೆ ಹೊರಟಿದ್ದೀಯ? ವಯಸ್ಸಿನಲ್ಲಿ ನನಗಿಂತ ದೊಡ್ಡವರಾಗಿಯೂ ಗುಂಡುಕಲ್ಲಿನ ಹಾಗಿರುವ ನಿನ್ನ ಅತ್ತೆಯ ಜೊತೆ. ಹೊಟ್ಟೆ ಉರಿಯಿತು. ಇದನ್ನು ಅವರಿಗೆ ಓದಿ ಹೇಳಬೇಡ.

ನಿನ್ನ ಚಿಕ್ಕಮ್ಮನಿಗೆ ಓದಿ ಹೇಳಿದರೆ ಅವಳು ನಿನ್ನ ಪಕ್ಷ. 'ಮಗಳು ಇಷ್ಟು ಆಸೆಯಿಂದ ಕೇಳ್ತಿದಾಳೆ, ಹೂಂ ಅಂದ್ರೆ ನಿನ್ನ ಗಂಟೇನು ಹೋಗುತ್ತೆ ಅಕ್ಕ' ಅಂದಳು. ಸರಿ, ನಿನ್ನ ಮನಸ್ಸು ನೋಯಬಾರದೆಂದು ಒಂದು ಕಾರ್ಡು ಬರೆದೆ. ಒಪ್ಪಿದ್ದೇನೆ, ಹೋಗಿ ಬಾ, ಅಷ್ಟೆ. ಅಂಚೆಗೆ ಹಾಕಲು ಅವಳು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಿದ್ದಳು. ಕೂಗಿ ವಾಪಸು ಕರೆದು, ಕಾರ್ಡು ಕಿತ್ತುಕೊಂಡು ಹರಿದು ಹಾಕಿದೆ. ಅವಳು ಚಪ್ಪಲಿ ಮೂಲೆಗೆಸೆದು ಅಡುಗೆಮನೆಗೆ ಹೋದಳು.

ಯಾಕೆ ಹರಿದೆ ಗೊತ್ತೇ? ನಾನು ಇಷ್ಟು ವರ್ಷ ಕಾರು ಕಲಿಸಿದವಳು. ಕಲಿಯಲು ಬಂದವರಿಗೆ ಕನ್ನಡಿಯಲ್ಲಿ ಹಿಂದಿನ ಗಾಡಿ ನೋಡಿಕೊಳ್ಳಿ ಅಂದರೆ ಕತ್ತು ತಿರುಗಿಸಿ, ನೋಡಿದೆ ಮೇಡಂ ಅನ್ನುತ್ತಾರೆ. ಕತ್ತು ತಿರುಗಿರುತ್ತದೆ, ಕಣ್ಣು ತಿರುಗಿರುವುದಿಲ್ಲ. ಅಂಥವರನ್ನು ಗದರಿಸಿ ಗದರಿಸಿಯೇ ನನ್ನ ಗಂಟಲು ಒಡೆದದ್ದು. ನನ್ನ ಕಾರ್ಡೂ ಅದೇ ಜಾತಿಯದು. ಕೈ ಬರೆದಿತ್ತು, ಮನಸ್ಸು ಬರೆದಿರಲಿಲ್ಲ. ಅಂಥ ಒಪ್ಪಿಗೆಯನ್ನು ನಂಬಿ ನೀನು ಆ ಬಿಸಿಲಿನಲ್ಲಿ ನಡೆಯಬೇಕೇ?

ನಿನಗೆ ಹೇಳದ ವಿಷಯ ಇನ್ನೊಂದಿದೆ. ನಾನು ಹೋಗುವ ತಯಾರಿಯಲ್ಲಿದ್ದೆ, ನನ್ನ ಕಾಲಿನ ಮೇಲೆಯೇ. ನಿನ್ನ ಚಿಕ್ಕಮ್ಮ ಹಾಲು ತರಲು ಹೋದಾಗ ಮನೆಯ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡುತ್ತಿದ್ದೆ. ಒಂದು ದಿನ ಅವಳು ಬೇಗ ಬಂದವಳು, ನಾನು ಗೋಡೆಗೆ ಒರಗಿ ಬಾಯಿ ತೆರೆದು ಉಸಿರು ಎಳೆಯುತ್ತ ಮೆಟ್ಟಿಲ ಮೇಲೆ ಕೂತದ್ದನ್ನು ನೋಡಿದಳು. ನಿನಗೆ ಹೇಳಿದರೆ ಅವಳ ಜೊತೆ ಒಂದೇ ಮನೆಯಲ್ಲಿ ಇರುವುದಿಲ್ಲ ಎಂದು ಹೆದರಿಸಿದೆ. ಪಾಪ, ಬಾಯಿ ಮುಚ್ಚಿಕೊಂಡಳು. ಫೋನಿನಲ್ಲಿ ಆರಾಮಾಗಿದ್ದೇನೆ ಎನ್ನುತ್ತೇನಲ್ಲ, ಆಗ ಫೋನನ್ನು ದೂರ ಹಿಡಿದು ಉಸಿರಾಡಿಕೊಂಡು ಮತ್ತೆ ಕಿವಿಗೆ ಇಟ್ಟುಕೊಳ್ಳುತ್ತೇನೆ. ನೀನು ಹಲೋ ಹಲೋ ಎಂದು ಕೂಗುತ್ತೀಯ, ನಾನು ನೆಟ್‌ವರ್ಕ್‌ಗೆ ಬೈಯುತ್ತೇನೆ.

ಕಾರ್ಡು ಹರಿದ ಮೇಲೆ ನಮ್ಮ ಬೀದಿಯ ಮಸೀದಿಯ ಮೌಲವಿಯವರನ್ನು ಮನೆಗೆ ಬರಹೇಳಿದೆ. ವಯಸ್ಸು ಚಿಕ್ಕದು, ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಒಳ್ಳೆಯ ಗುಣವಿದೆ. ಮುಲಾಜಿಗೆ ಕೊಟ್ಟ ಒಪ್ಪಿಗೆ ನಡೆಯುತ್ತದೆಯೇ ಎಂದೆ. ಅವರು ಚಹದ ಲೋಟ ಕೆಳಗಿಟ್ಟರು. ಮಗಳು ಅಲ್ಲಿ ಮಾಡುವ ನಿಯ್ಯತ್ತು ನಿಮ್ಮ ಮಾತಿನ ಮೇಲೆ ನಿಲ್ಲುತ್ತದೆ, ನೀವು ನಿಜವಾಗಿಯೂ ಹೋಗಲಾರಿರಾ, ಹುಷಾರಾಗುವ ಭರವಸೆ ಇಲ್ಲವಾ, ಅದನ್ನು ಡಾಕ್ಟರ ಬಾಯಿಂದ ಕೇಳಿ, ನಿಮ್ಮ ಮನಸ್ಸಿನಿಂದಲೂ ಕೇಳಿ ಎಂದರು. ಡಾಕ್ಟರನ್ನು ಕೇಳಬಹುದು, ಮನಸ್ಸನ್ನು ಕೇಳುವುದೇ ಕಷ್ಟ ಅಂದೆ. ಅವರೂ ನಕ್ಕರು.

ನಮ್ಮ ಹೃದಯದ ಡಾಕ್ಟರ್ ನನ್ನ ಶಿಷ್ಯನೆಂದು ನಿನಗೆ ಗೊತ್ತಲ್ಲ. ರಿವರ್ಸ್ ಅಂದರೆ ಗಾಡಿಯನ್ನೇ ನಿಲ್ಲಿಸಿಬಿಡುತ್ತಿದ್ದ, ಲೈಸೆನ್ಸ್ ಪರೀಕ್ಷೆಗೆ ಕಳಿಸಿ ಎಂದು ಗೋಗರೆದರೂ ನೀನಿನ್ನೂ ರಸ್ತೆಗೆ ಲಾಯಕ್ಕಲ್ಲ ಎಂದು ಮುಖಕ್ಕೆ ಹೇಳಿ ವಾಪಸು ಕಳಿಸಿದ್ದೆ. ಅವನ ಮುಂದೆ ಹೋಗಿ ಕೂತೆ. ಗಾಲಿಕುರ್ಚಿಯಲ್ಲಿ ಹೋಗುತ್ತೇನೆ, ತಳ್ಳಲು ಮಗಳು ಅಳಿಯ ಇದ್ದಾರೆ ಅಂದೆ. ಬಾಡಿ ಗಟ್ಟಿಯಿದೆ, ಇಂಜಿನ್ ಸ್ವಲ್ಪ ಕೂತಿದೆ, ಅಷ್ಟೆ ತಾನೇ ಅಂದೆ. ಅವನು ನಗಲಿಲ್ಲ. ವಿಮಾನ, ಬಿಸಿಲು, ಜನಸಂದಣಿ ಎಂದು ಏನೇನೋ ಸುತ್ತಿಬಳಸಿ ಹೇಳುತ್ತ ಮೇಜಿನ ಮೇಲಿನ ಪೆನ್ನು ಸರಿಮಾಡುತ್ತಿದ್ದ. ಅಂದು ನಾನು ನಿನ್ನ ಮುಖಕ್ಕೆ ಹೇಳಿದ ಹಾಗೆ ಈಗ ನೀನು ನನಗೆ ನೇರವಾಗಿ ಹೇಳು ಎಂದು ಅವನಿಗೆ ಹೇಳಿದೆ. ಆಗ ನನ್ನ ಕಣ್ಣನ್ನೇ ನೋಡಿ, 'ಮೇಡಂ, ಕುರ್ಚಿ ತಳ್ಳೋಕೆ ಜನ ಸಿಗ್ತಾರೆ, ಈ ಹೃದಯಾನ ತಳ್ಳೋಕೆ ಯಾರೂ ಸಿಗಲ್ಲ. ನೀವು ಅಲ್ಲಿಗೆ ಹೋದ್ರೆ ವಾಪಸ್ ಬರಲ್ಲ. ಈ ವರ್ಷ ಅಂತಲ್ಲ, ಮುಂದೇನೂ ಅಷ್ಟೇ' ಅಂದ. ಹೇಳಿದವನ ಕಣ್ಣೇ ಒದ್ದೆಯಾಯಿತು. ಸಮಾಧಾನ ನಾನೇ ಮಾಡಬೇಕಾಯಿತು.

ಬಾಡಿಗೆ ಕಾರು ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಅವನೇ ತನ್ನ ಕಾರಿನಲ್ಲಿ ಮನೆಗೆ ಬಿಟ್ಟ. ನಮ್ಮ ಕಲಿಕೆಯ ಗಾಡಿಯಲ್ಲಿ ನನ್ನ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತಿತ್ತಲ್ಲ. ಅವನ ಗಾಡಿಯಲ್ಲಿ ಅದೆಲ್ಲಿಂದ ಬರಬೇಕು? ಆದರೂ ತಿರುವು ಬಂದಾಗಲೆಲ್ಲ ನನ್ನ ಕಾಲು ಬರೀ ನೆಲವನ್ನೇ ಒತ್ತುತ್ತಿತ್ತು. ಅವನು ಚೆನ್ನಾಗಿಯೇ ಓಡಿಸುತ್ತಿದ್ದ, ಕನ್ನಡಿಯನ್ನೂ ನಿಜವಾಗಿಯೇ ನೋಡುತ್ತಿದ್ದ. ಮಾರುಕಟ್ಟೆ ದಾಟುವಾಗ ನನಗೇ ನಾಚಿಕೆಯಾಗಿ, ಕಾಲು ಹಿಂದಕ್ಕೆಳೆದು ಸೀಟಿನ ಕೆಳಗೆ ಮಡಚಿಟ್ಟು, ಕೈಕಟ್ಟಿ ಕೂತೆ. ಕಿಟಕಿಯಾಚೆ ಹಣ್ಣಿನಂಗಡಿ, ಔಷಧಿ ಅಂಗಡಿ, ಶಾಲೆ ಬಿಟ್ಟ ಮಕ್ಕಳು. ಓಡಿಸುವವರು ಓಡಿಸಲಿ ಅನಿಸಿತು. ಆಗ ನಿನ್ನ ನೆನಪಾಗಿ ಅಳು ಬಂತು. ಅವನು ನೋಡಿಯೂ ನೋಡದವನ ಹಾಗೆ ರಸ್ತೆಯ ಮೇಲೆ ಕಣ್ಣಿಟ್ಟಿದ್ದ. ಅವನಿಗೆ ನಾನು ಕಲಿಸಿದ್ದೇ ಅದು.

ಹಾಗಾಗಿ ಈಗ ಬರೆಯುತ್ತಿದ್ದೇನೆ, ಮುಲಾಜಿಗಲ್ಲ, ನಿನ್ನ ಚಿಕ್ಕಮ್ಮನ ಕಾಟಕ್ಕೂ ಅಲ್ಲ. ನನ್ನಿಂದ ಹೋಗಲು ಆಗುವುದಿಲ್ಲ. ನನ್ನ ಹಜ್ಜನ್ನು ನೀನು ಮಾಡು. ನಾನು ಒಪ್ಪಿ, ಮನಸಾರೆ ಹೇಳಿ ಕಳಿಸುತ್ತಿದ್ದೇನೆ. ಈ ಮಾತನ್ನು ಬರೆಯುವ ಮುಂಚೆ, ನಮಾಜಿಗೆ ಮುಂಚಿನ ಹಾಗೆ, ಕೈಕಾಲು ಮುಖ ತೊಳೆದು ವಜೂ ಮಾಡಿಕೊಂಡು ಬಂದೆ.

ಅಲ್ಲಿ ನಿಯ್ಯತ್ತು ಮಾಡುವಾಗ ನನ್ನ ಹೆಸರು ಹೇಳು. ಹೆಸರು ಬಾಯಿಗೆ ಬರದಿದ್ದರೆ ಅಮ್ಮಿ ಎಂದರೂ ಸಾಕು, ಯಾವ ಅಮ್ಮಿ ಎಂದು ಅಲ್ಲಾಹನಿಗೆ ಗೊತ್ತಾಗುತ್ತದೆ. ನನ್ನ ಹೆಸರು ಬಂತೆಂದು ನಿಧಾನ ನಡೆಯಬೇಡ, ನಾನು ಹುಷಾರಾಗಿದ್ದಾಗ ಹೇಗೆ ನಡೆಯುತ್ತಿದ್ದೆನೋ ಹಾಗೆ ನಡೆ. ನಿನ್ನ ಅತ್ತೆಯ ಕೈ ಬಿಡಬೇಡ, ಗುಂಡುಕಲ್ಲೂ ಜನರ ನಡುವೆ ಉರುಳಿ ಹೋಗುತ್ತದೆ. ಅವರ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದಕ್ಕೆ ನಾನೇ ಫೋನ್ ಮಾಡಿ ಕ್ಷಮೆ ಕೇಳುತ್ತೇನೆ. ನೀನು ನಡುವೆ ಬಾಯಿ ಹಾಕಬೇಡ. ನೀರು ಕುಡಿಯುತ್ತಿರು. ಚಪ್ಪಲಿ ಹೊಸದು ಬೇಡ, ಕಾಲಿಗೆ ಪಳಗಿದ್ದು ಹಾಕಿಕೊ.

ನನಗೆ ದುಃಖವಿಲ್ಲ ಎಂದು ಬರೆಯಲು ಹೊರಟಿದ್ದೆ. ಇದೆ. ನೀನು ನನ್ನ ಮಗಳಾಗಿರುವುದು ಅದಕ್ಕಿಂತ ದೊಡ್ಡದಾಗಿದೆ, ಅಷ್ಟೆ.

ಇಂತಿ, ನಿನ್ನ ದಾರಿ ಕಾಯುವ
ಅಮ್ಮಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಮನಸ್ಸು ತಡೆಯಲಿಲ್ಲ. ಮೌಲವಿಯವರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಇನ್ನೊಂದು ಮಾತು ಹೇಳಿದ್ದರು, ಇದುವರೆಗೂ ಬಚ್ಚಿಟ್ಟಿದ್ದೆ. ಬದಲಿ ಹಜ್ ಮಾಡಿಸಿದ ಮೇಲೆ ಒಂದು ವೇಳೆ ಅಲ್ಲಾಹ್ ನನ್ನನ್ನು ಹುಷಾರು ಮಾಡಿಬಿಟ್ಟರೆ, ಮಗಳು ಮಾಡಿದ್ದು ನನ್ನ ಲೆಕ್ಕಕ್ಕೆ ಸಾಲುವುದಿಲ್ಲವಂತೆ, ನಾನೇ ಎದ್ದು ಹೋಗಬೇಕಂತೆ. ಒಪ್ಪಿಗೆ ಕೊಟ್ಟವಳು ಇಂಥ ಆಸೆ ಇಟ್ಟುಕೊಂಡರೆ ಒಪ್ಪಿಗೆ ಸುಳ್ಳಾಗುತ್ತದೆಯೇ ಎಂದು ಕೇಳಿದೆ. ಇಲ್ಲ, ಆಸೆಯನ್ನು ಬಿಡಿ ಅಂತ ಯಾರೂ ಹೇಳಿಲ್ಲ ಎಂದರು. ಆದ್ದರಿಂದ ಮಗಳೇ, ನನ್ನ ಹೆಸರಿನ ಹಜ್ಜನ್ನು ಒಂದು ಕುಂದೂ ಇಲ್ಲದಂತೆ ಪೂರ್ತಿ ಮಾಡು. ಎಲ್ಲ ಮುಗಿದ ಮೇಲೆ ಕೈಯೆತ್ತಿ, ಅದು ನನಗೆ ಸಾಲದೆ ಹೋಗಲಿ ಎಂದು ಒಂದು ದುವಾ ಮಾಡು.