ಬೀಗರ ಕೈಗೆ ಬಂದ ಚೀಟಿ

ಉಪ್ಪಾರಹಳ್ಳಿ, ತುಮಕೂರು
ಡಿಸೆಂಬರ್ 26

ಇಂಪನಾಳ ಅಪ್ಪನಿಗೆ ನಮಸ್ಕಾರ.

ನಿಮ್ಮ ಮಾತು ಮೀರಿ ಮಗಳ ಮನೆಗೆ ಬಂದೆನೆಂದು ನೀವು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾರ್ಡು.

ನಿನ್ನೆ ಇಲ್ಲಿ ಕ್ರಿಸ್‌ಮಸ್. ಊಟವಾದ ಮೇಲೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಹಾಡಿ ಕುಣಿಯುವುದು ಇವರ ಪದ್ಧತಿ. ಎಪ್ಪತ್ತು ವರ್ಷದ ಬೀಗರು ಹತ್ತಿಯ ಗಡ್ಡ ಕಟ್ಟಿಕೊಂಡು ಕುಣಿದರು. ನಾನೂ ಒಂದು ಸೋಬಾನೆ ಹಾಡಿದೆ.

ಆಮೇಲೆ ಚೀಟಿ ಎತ್ತುವ ಆಟ. ಯಾರ ಹೆಸರು ಬರುತ್ತದೋ ಅವರಿಗೆ ಉಡುಗೊರೆ ಕೊಡಬೇಕು. ಬೀಗರ ಚೀಟಿಯಲ್ಲಿ ನಿಮ್ಮ ಹೆಸರಿತ್ತು! ಇದನ್ನು ಯಾರು ಬರೆದು ಹಾಕಿದ್ದೆಂದು ಕೇಳಿದೆ.

"ಮದ್ವೆ ಆದಾಗಿಂದ ಪ್ರತಿ ವರ್ಷ ನಾನೇ ಬರ್ದು ಹಾಕ್ತೀನಿ ಕಣಮ್ಮ. ಹೋದ್ ವರ್ಷ ಕಳ್ಸಿದ್ ಪಾರ್ಸಲ್‌ನ ಅಪ್ಪ ವಾಪಸ್ ಕಳ್ಸಿದ್ರು," ಎಂದಳು ಇಂಪನಾ. ಇದನ್ನು ನೀವು ನನಗೆ ಹೇಳಲೇ ಇಲ್ಲ.

ಬೀಗರು ಗಡ್ಡ ಬಿಚ್ಚಿಟ್ಟು, "ಈ ಸಲ ಪಾರ್ಸಲ್ ಬ್ಯಾಡ, ನಾನೇ ಹೋಗಿ ಕೊಡ್ತೀನಿ ಬುಡಮ್ಮ," ಎಂದರು.

ನನ್ನ ಮಂಡಿನೋವು ಕಡಿಮೆಯಾಗಿದೆ. ನಿಮ್ಮ ಬಿ.ಪಿ. ಮಾತ್ರೆ ಫ್ರಿಜ್ಜಿನ ಮೇಲಿದೆ, ತಪ್ಪಿಸಬೇಡಿ.

ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬೀಗರು, ಇಂಪನಾ, ನಾನು ಅಮೃತೂರಿಗೆ ಬರುತ್ತೇವೆ. ಅವತ್ತು ತೋಟದ ಕಡೆ ಹೋಗಿಬಿಡಬೇಡಿ. ಮನೆಗೆ ಬೀಗ ಕಂಡರೆ ಅವರ ಜೊತೆ ನಾನೂ ತುಮಕೂರಿನ ಬಸ್ ಹತ್ತುತ್ತೇನೆ.

ಪುಟ್ಟತಾಯಮ್ಮ