ಬೀದಿಗೆ ಬಿದ್ದ ಗಾಜು

ಹಾಸ್ಟೆಲಿನ ಓದುಕೋಣೆ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಮ್ಮಾ,

ನಿನ್ನ ಮಣಿಕಟ್ಟು ಈಗ ಹೇಗಿದೆ? ಬೆರಳುಗಳ ಬಾವು ಇಳಿಯಿತೇ? ಪಟ್ಟಿಯೊಳಗೆ ತುರಿಕೆ ಎಂದು ಹೆಣಿಗೆ ಕಡ್ಡಿ ತೂರಿಸುತ್ತಿದ್ದೀಯೆಂದು ಚಿಕ್ಕಮ್ಮ ದೂರು ಹೇಳಿದರು. ದಯವಿಟ್ಟು ಬೇಡ. "ಕೂತು ತಿನ್ನೋ ಜಾಯಮಾನ ನಂದಲ್ಲ" ಎನ್ನುತ್ತ ಅವರ ಮನೆಯ ಪಾತ್ರೆಗಳನ್ನು ಒಂದೇ ಕೈಯಲ್ಲಿ ತೊಳೆಯಲು ಹೋಗುವುದೂ ಬೇಡ. ತಂಗಿಯ ಮನೆಯಲ್ಲಿ ಕೆಲವು ವಾರ ಕೂತು ತಿಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಇನ್ನು ನನ್ನ ವಿಷಯ. "ನಾನಿಲ್ಲಿ ಕ್ಷೇಮ" ಎಂದು ಬರೆದುಬಿಡುವುದು ಪತ್ರದ ಮರ್ಯಾದೆ. ಆದರೆ ಕೆಳತುಟಿಗೆ ಎರಡು ಹೊಲಿಗೆ ಬಿದ್ದಿರುವುದರಿಂದ ಆ ಮರ್ಯಾದೆಯನ್ನು ಈ ಬಾರಿ ಪೂರ್ತಿ ಪಾಲಿಸಲಾರೆ. ಗಾಬರಿಯಾಗಬೇಡ. ಹಲ್ಲುಗಳೆಲ್ಲ ಇದ್ದಲ್ಲೇ ಇವೆ, ತಲೆಯ ಗಾಯ ಒಣಗುತ್ತಿದೆ. ನಿನ್ನೆಯ ಪರೀಕ್ಷೆಗೂ ಕುಳಿತಿದ್ದೆ. ಮೊದಲ ಸ್ಥಾನವನ್ನು ಯಾರಿಗೂ ಬಿಟ್ಟುಕೊಡುವ ಯೋಚನೆ ನನಗಿಲ್ಲ.

ಹೋದ ವಾರ ಫೋನಿನಲ್ಲಿ ನೀನು ಆಡಿದ ಮಾತು ನೆನಪಿದೆಯೇ? "ಸಾಮಾನೆಲ್ಲ ಅಲ್ಲೇ ಇದೆಯಲ್ಲೇ, ಬರದೆ ಏನ್ಮಾಡ್ಲಿ?" ನಾನು ಎಂಟನೆಯ ತರಗತಿಯಲ್ಲಿದ್ದಾಗ ನಿನ್ನ ಪಕ್ಕೆಲುಬು ಮುರಿದು ಇದೇ ಚಿಕ್ಕಮ್ಮನ ಮನೆಗೆ ಹೋಗಿದ್ದೆಯಲ್ಲ, ಆಗಲೂ ಇದೇ ಮಾತು ಹೇಳಿ ಹಿಂತಿರುಗಿದೆ. ಮತ್ತೊಮ್ಮೆ ಕಿವಿಯಿಂದ ರಕ್ತ ಬಂದಾಗಲೂ ಅದೇ. ಪಟಗಳಿಗೆ ಚೌಕಟ್ಟು ಹಾಕುವ ನಿನ್ನ ಕೆಲಸ, ಅದರ ಯಂತ್ರ, ಗಾಜು, ಮರದ ಪಟ್ಟಿಗಳು ಮನೆಯ ಮುಂದಿನ ಕೋಣೆಯಲ್ಲಿರುವ ತನಕ ನಿನ್ನ ಕಾಲುಗಳು ಆ ಮನೆಯತ್ತಲೇ ತಿರುಗುತ್ತವೆ ಎಂಬುದು ನನಗೆ ಖಚಿತವಾಯಿತು. ಆದ್ದರಿಂದ ಲೆಕ್ಕವನ್ನೇ ಬದಲಾಯಿಸೋಣವೆಂದು ಊರಂಚಿನಲ್ಲಿ ಒಂದು ಗೋದಾಮಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಉದ್ದನೆಯ ಓಣಿ, ಎರಡೂ ಕಡೆ ತಗಡಿನ ಶಟರುಗಳು, ಒಂದೊಂದರ ಹಿಂದೆ ಒಂದೊಂದು ಸಂಸಾರದ ಸಾಮಾನು. ಬೀಗ ನಮ್ಮದೇ ಹಾಕಿಕೊಳ್ಳಬೇಕು. ಒದ್ದೆ ಬಟ್ಟೆ, ತಿನ್ನುವ ವಸ್ತು, ಸೀಮೆಎಣ್ಣೆ ಇಡುವಂತಿಲ್ಲ. ಕಾವಲಿನ ಹೆಂಗಸು ಚೇಷ್ಟೆಯವರು. "ಮನುಷ್ಯರನ್ನ ಬಿಟ್ಟು ಏನ್ ಬೇಕಾದ್ರೂ ಇಡಮ್ಮ. ಒಬ್ಬರು ಗಂಡನ್ನ ಇಡಬಹುದಾ ಅಂತ ಕೇಳಿದ್ರು, ಗಾಳಿಯಾಡಲ್ಲ ಅಂದೆ" ಎಂದರು. ನಾನು ನಗಲಿಲ್ಲ. ಆಮೇಲೆ ಸಾಮಾನು ಸಾಗಿಸಲು ಗೊತ್ತುಮಾಡಿದ್ದ ವ್ಯಾನಿನಲ್ಲಿ ಕುಳಿತು ಒಬ್ಬಳೇ ನಕ್ಕೆ.

ಶುಕ್ರವಾರ ಅಪ್ಪ ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಕವಾಯತು ಮಾಡಿಸುವ ದಿನ, ಸಂಜೆಯವರೆಗೆ ಬರುವುದಿಲ್ಲ. ವ್ಯಾನಿನವನನ್ನು ಬೀದಿಯ ತಿರುವಿನಲ್ಲಿ ನಿಲ್ಲಿಸಿ, ಕರೆದಾಗ ಬಾ ಎಂದು ಹೇಳಿ, ನನ್ನ ಬಳಿಯಿದ್ದ ಕೀಲಿಯಿಂದ ಮನೆಯೊಳಗೆ ಹೋದೆ. ನೀನು ಕಲಿಸಿದ ಯಾವುದನ್ನೂ ಮರೆಯಲಿಲ್ಲ, ಅಮ್ಮಾ. ಗಾಜಿನ ಹಾಳೆಗಳನ್ನು ಮಲಗಿಸಲಿಲ್ಲ, ಅಂಚಿನ ಮೇಲೆ ನಿಲ್ಲಿಸಿದೆ. ಒಂದೊಂದರ ನಡುವೆ ರಟ್ಟು, ಮೂಲೆಗಳಿಗೆ ಹಳೆಯ ಕಾಲುಚೀಲ, ಮುಖಕ್ಕೆ ಅಡ್ಡಡ್ಡ ಟೇಪು. ಮೊಳೆ, ಕೊಂಡಿ, ತಂತಿಗಳಂಥ ಭಾರದವನ್ನು ಚಿಕ್ಕ ಡಬ್ಬಗಳಿಗೂ ಹಗುರವಾದದ್ದನ್ನು ದೊಡ್ಡ ಡಬ್ಬಗಳಿಗೂ ತುಂಬಿದೆ. ಕಾಲಲ್ಲಿ ತುಳಿದು ಪಟ್ಟಿಯ ಮೂಲೆ ಕತ್ತರಿಸುವ ಆ ಯಂತ್ರದ ಅಲಗುಗಳನ್ನು ಬಿಚ್ಚಿ, ಎಣ್ಣೆ ಸವರಿ, ನಿನ್ನ ಹಳೆಯ ನೀಲಿ ಶಾಲಿನಲ್ಲಿ ಸುತ್ತಿದೆ. ಇಷ್ಟನ್ನೂ ಒಂದು ಸದ್ದೂ ಇಲ್ಲದಂತೆ ಮಾಡಿದೆ. ಸದ್ದಿಲ್ಲದೆ ವಸ್ತು ಇಡುವುದರಲ್ಲಿ ನಮ್ಮನ್ನು ಮೀರಿಸುವವರು ಈ ಲೋಕದಲ್ಲಿಲ್ಲ.

ಆದರೆ ಇದೆಲ್ಲಕ್ಕೂ ಮೊದಲು, ಒಳಗೆ ಕಾಲಿಟ್ಟ ಕೂಡಲೇ, ನಾನು ಮಾಡಿದ ಕೆಲಸ ಬೇರೆ. ಬೀದಿಯ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿ ಚಿಲಕ ಹಾಕಿದೆ. ಯಾರೂ ನೋಡದಿರಲಿ ಎಂದುಕೊಂಡೆ. ನಿಜವಾದ ಕಾರಣ ಅದಲ್ಲ. ನಾವಿಬ್ಬರೂ ಇದುವರೆಗೆ ಬಾಯಿಬಿಟ್ಟು ಹೇಳಿಕೊಳ್ಳದ ವಿಷಯವನ್ನು ಬರೆಯುತ್ತಿದ್ದೇನೆ, ಬೇಸರಿಸಬೇಡ. ಅಪ್ಪ ಹೊಡೆಯುವ ಮುನ್ನ ಕೈಗಡಿಯಾರ ಬಿಚ್ಚಿ ಕಪಾಟಿನ ಮೇಲಿಡುತ್ತಾರೆ. ಅವರು ಗಡಿಯಾರಕ್ಕೆ ಕೈ ಹಾಕಿದೊಡನೆ ನೀನು ಎದ್ದು ಕಿಟಕಿ ಮುಚ್ಚುತ್ತೀಯ. ಅವರು ಕಾಯುತ್ತಾರೆ. ನೀನು ಕೊನೆಯ ಚಿಲಕ ಹಾಕಿ ತಿರುಗಿದ ಮೇಲೆ ಮೊದಲ ಏಟು. ಯಾರೂ ಕೂಗುವಂತಿಲ್ಲ, ಅಳುವಂತಿಲ್ಲ, ಬೀಳುವಾಗಲೂ ಪಾತ್ರೆಗಳ ಮೇಲೆ ಬೀಳುವಂತಿಲ್ಲ. ನನ್ನ ಗೆಳತಿಯರ ಮನೆಗಳಲ್ಲಿ ಹಗಲು ಹೊತ್ತು ಕಿಟಕಿ ತೆರೆದೇ ಇರುತ್ತದೆಂದು ತಿಳಿದಾಗ ನನಗೆ ಅದು ನಾಚಿಕೆಗೇಡೆನಿಸಿತ್ತು. ಶುಕ್ರವಾರ ನನ್ನ ಕೈಗಳು ತಾವಾಗಿಯೇ ಚಿಲಕಗಳತ್ತ ಹೋದವು. ಸಿವಿಲ್ ಎಂಜಿನಿಯರಿಂಗ್ ಓದುವವಳು, ಹೊರಬರುವ ದಾರಿಗಳನ್ನು ನಕ್ಷೆಯಲ್ಲಿ ಎಲ್ಲಕ್ಕಿಂತ ಮೊದಲು ಗುರುತಿಸುವವಳು, ನನ್ನ ದಾರಿಗಳನ್ನು ನಾನೇ ಮುಚ್ಚಿಕೊಂಡು ಕೆಲಸಕ್ಕೆ ಕುಳಿತೆ.

ಅಪ್ಪ ಮಧ್ಯಾಹ್ನವೇ ಬಂದರು. ಪೀಪಿ ಮರೆತು ಹೋಗಿದ್ದರಂತೆ. ಬಾಗಿಲಲ್ಲಿ ನಿಂತು ಡಬ್ಬಗಳನ್ನು ಒಂದೊಂದಾಗಿ ನೋಡಿದರು. "ಓಹೋ, ರ‍್ಯಾಂಕಿನವಳು ಸಂತೆ ಕಟ್ಟಿದ್ದಾಳೆ" ಎಂದರು. ಒಳಗೆ ಬಂದು ಬಾಗಿಲಿನ ಅಗುಳಿ ಹಾಕಿದರು. ಗಡಿಯಾರ ಬಿಚ್ಚಿದರು. ಕಪಾಟನ್ನು ನಾನು ಖಾಲಿ ಮಾಡಿ ಗೋಡೆಗೆ ಓರೆಯಾಗಿ ಒರಗಿಸಿದ್ದರಿಂದ ಅದನ್ನು ಎಲ್ಲಿಡುವುದೆಂದು ತಿಳಿಯದೆ ಒಂದು ಕ್ಷಣ ತಡವರಿಸಿ, ಕೊನೆಗೆ ನನ್ನದೇ ಡಬ್ಬವೊಂದರ ಮೇಲಿಟ್ಟರು. ಕಿಟಕಿಗಳ ಕಡೆ ನೋಡಿದರು. ಎಲ್ಲವೂ ಮುಚ್ಚಿದ್ದವು. ತಲೆಯಾಡಿಸಿದರು, ನಾನು ಪಾಠ ಒಪ್ಪಿಸಿದಾಗ ಆಡಿಸುತ್ತಿದ್ದರಲ್ಲ, ಹಾಗೆ.

ಮೊದಲು ಸಾಮಾನುಗಳ ಮೇಲೆ ಬಿದ್ದರು. ನಿನ್ನ ಚಾಕುವಿನಿಂದಲೇ ಡಬ್ಬಗಳ ಹೊಟ್ಟೆ ಸೀಳಿದರು. ಮೊಳೆಗಳು ನೆಲದ ತುಂಬ ಚೆಲ್ಲಿದವು. ಬಂಗಾರದ ಬಣ್ಣದ ಪಟ್ಟಿಗಳನ್ನು ಮೊಣಕಾಲಿಗೆ ಹಾಕಿ ಮುರಿದರು, ಕಬ್ಬು ಮುರಿದಂತೆ. ಯಂತ್ರಕ್ಕೆ ಅಡ್ಡ ನಿಂತೆ. ಜಡೆಯನ್ನು ಕೈಗೆ ಸುತ್ತಿಕೊಂಡು ನನ್ನ ತಲೆಯನ್ನು ಗೋಡೆಗೆ ಅಪ್ಪಳಿಸಿದರು. ಒಮ್ಮೆಯಲ್ಲ. ಗೋಡೆಯ ಸುಣ್ಣ ನನ್ನ ಬಾಯಿಗೆ ಬಂತು, ಅದರ ಹಿಂದೆಯೇ ರಕ್ತದ ರುಚಿ. ಕೆಳಗೆ ಬಿದ್ದೆ, ಮೊಳೆಗಳ ಮೇಲೆ ಅಂಗೈ ಊರಿ ಏಳಹೊರಟಾಗ ಬೂಟುಗಾಲಿನಿಂದ ಪಕ್ಕೆಗೆ ಒದ್ದರು. "ನಿಮ್ಮಮ್ಮನ ಕೈ ಯಾಕೆ ಮುರೀತು ಗೊತ್ತಾ? ಬಾಯಿ ಇತ್ತು, ಅದಕ್ಕೆ. ನಿನಗೆ ಬಾಯಿ ಜೊತೆ ಬುದ್ಧೀನೂ ಇದೆ. ಎರಡೂ ಕೀಳ್ತೀನಿ." ಇದನ್ನು ಅವರು ಕಿರುಚಿ ಹೇಳಲಿಲ್ಲ. ಹಾಜರಿ ಕರೆಯುವ ದನಿಯಲ್ಲಿ ಹೇಳಿದರು. ಮತ್ತೆ ನಾನು, ಅಮ್ಮಾ, ತುಟಿ ಸೀಳಿದ್ದರೂ ತುಟಿಪಿಟಕ್ಕೆನ್ನಲಿಲ್ಲ. ಬೀದಿಯ ತಿರುವಿನಲ್ಲಿ ಒಬ್ಬ ಗಟ್ಟಿ ಆಳು ನನ್ನ ಕರೆಗಾಗಿ ಕಾಯುತ್ತಿದ್ದಾನೆ, ಎದುರಿನ ಇಸ್ತ್ರಿ ಅಂಗಡಿಯಲ್ಲಿ ನಾಲ್ಕು ಜನ ಇದ್ದಾರೆ, ಮತ್ತು ನಾನು ಅವರಿಗೆ ತೊಂದರೆಯಾಗದಂತೆ ಒದೆ ತಿನ್ನುತ್ತಿದ್ದೇನೆ.

ಅಂಟು ಹಾಕಿದ ಮೂಲೆಗಳ ಮೇಲೆ ನೀನು ಹೇರುವ ಆ ಕಬ್ಬಿಣದ ಗುಂಡು ನನ್ನ ಕೈಗೆ ಸಿಕ್ಕಿತು. ಅವರ ತಲೆಗೆ ಎಸೆಯಬಹುದಿತ್ತು. ಅಷ್ಟು ಹತ್ತಿರವಿದ್ದರು, ನನ್ನ ಗುರಿಯೂ ಕೆಟ್ಟದ್ದಲ್ಲ. ಎಸೆಯಬೇಕೆಂದೂ ಅನಿಸಿತು, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ತಲೆಗೆ ಬಿದ್ದರೆ ಸದ್ದಾಗುವುದಿಲ್ಲ. ಕಿಟಕಿಗೆ ಎಸೆದೆ. ಇಡೀ ಗಾಜು ಬೀದಿಗೆ ಸುರಿಯಿತು, ಚಿಲಕ ಕಿತ್ತು ಕಿಟಕಿಯ ಬಾಗಿಲು ಹೊರಕ್ಕೆ ತೆರೆದುಕೊಂಡಿತು. ಅಷ್ಟು ದೊಡ್ಡ ಸದ್ದು ಆ ಮನೆಯಲ್ಲಿ ಹುಟ್ಟಿದ್ದು ನನ್ನ ಜನ್ಮದಲ್ಲೇ ಮೊದಲು. ಆಮೇಲೆ ಕೂಗಿದೆ. ಅಭ್ಯಾಸವಿಲ್ಲದ ಗಂಟಲು, ಪರೀಕ್ಷೆಯ ಉತ್ತರದಂತೆ ಪೂರ್ತಿ ವಾಕ್ಯವೇ ಬಂತು: "ನನ್ನ ತಂದೆಯವರು ನನ್ನನ್ನು ಹೊಡೆಯುತ್ತಿದ್ದಾರೆ!" ಅಷ್ಟು ಹೊತ್ತಿನಲ್ಲೂ ಬಹುವಚನ ಬಿಡಲಿಲ್ಲ ನಿನ್ನ ಮಗಳು. ಅಪ್ಪ ನನ್ನನ್ನು ಬಿಟ್ಟು ಕಿಟಕಿಗೆ ಓಡಿದರು. ಗಾಜೇ ಇಲ್ಲದ ಆ ಕಿಟಕಿಯ ಬಾಗಿಲನ್ನು ಎಳೆದು ಮುಚ್ಚಲು ಹೊರಗೆ ಕೈ ಚಾಚಿದರು. ಚೌಕಟ್ಟಿನಲ್ಲಿ ಉಳಿದಿದ್ದ ಚೂರು ಮೊಣಕೈಯಿಂದ ಮುಂಗೈವರೆಗೆ ಸೀಳಿತು. ರಕ್ತ ಗೋಡೆಗುಂಟ ಇಳಿಯುತ್ತಿದ್ದರೂ ಅವರು ಎಳೆಯುವುದನ್ನು ನಿಲ್ಲಿಸಲಿಲ್ಲ. ನನಗೆ ಒದೆ ಬಿದ್ದದ್ದಕ್ಕಿಂತ ಹೆಚ್ಚು ಭಯವಾದದ್ದು ಅದನ್ನು ನೋಡಿ.

ವ್ಯಾನಿನವನು ಬಾಗಿಲಿಗೆ ಒದ್ದಾಗ ಅಗುಳಿ ಮೊಳೆ ಸಮೇತ ಕಿತ್ತು ಬಂತು. ಅವನ ಹಿಂದೆ ಇಸ್ತ್ರಿ ಅಂಗಡಿಯ ಅತ್ತೆ, ಕೈಯಲ್ಲಿ ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದೇ ಬಂದಿದ್ದರು. ಅಪ್ಪ ಬೀದಿಯವರಿಗಾಗಿ ಇಟ್ಟುಕೊಂಡಿರುವ ಆ ನಗುವನ್ನು ಹಾಕಿಕೊಂಡು, "ಏನಿಲ್ಲ, ಏನಿಲ್ಲ, ಗಾಜು ಕೈ ಜಾರಿ ಬಿತ್ತು" ಎಂದರು. "ಕೈ ಜಾರಿದ ಗಾಜು ಕಾಲ ಮೇಲೆ ಬೀಳುತ್ತೆ ಮೇಷ್ಟ್ರೇ, ರಸ್ತೆ ದಾಟಿ ನನ್ನ ಮೇಜಿನ ಮೇಲೆ ಬೀಳಲ್ಲ" ಎಂದರು ಅತ್ತೆ. ಆಮೇಲೆ ನನ್ನ ಮುಖ ನೋಡಿ ಅವರ ದನಿ ಇಳಿಯಿತು. "ಇಷ್ಟು ವರ್ಷ ಎದುರಿಗೇ ಇದ್ದೀನಲ್ಲ ಮಗಳೇ, ಒಂದು ದಿನ ಒಂದು ಸದ್ದು ಕೇಳಿಸಲಿಲ್ಲವಲ್ಲ." ನಮ್ಮ ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು. ಪೊಲೀಸರು ಬರುವವರೆಗೆ ಅಪ್ಪನನ್ನು ಬಾಗಿಲ ಹೊರಗೆ ಕುರ್ಚಿಯ ಮೇಲೆ ಕೂರಿಸಿದ್ದರು. ಕೈಗೆ ಅತ್ತೆಯದೇ ಬಿಳಿ ಟವೆಲು ಸುತ್ತಿಕೊಂಡು, ಹಾದುಹೋಗುವವರಿಗೆಲ್ಲ ನಮಸ್ಕರಿಸುತ್ತಿದ್ದರು.

ಸಾಮಾನು ಹೊರಿಸಲು ಇಡೀ ಬೀದಿ ಬಂತು. ಮುರಿದ ಪಟ್ಟಿಗಳು ಹೋದವು, ಗಾಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು, ಯಂತ್ರಕ್ಕೆ ಒಂದು ಗೀರೂ ಬಿದ್ದಿಲ್ಲ. ಗೋದಾಮಿನಲ್ಲಿ ನೆಲದ ತೇವ ತಾಕದಂತೆ ಹಲಗೆ ಹಾಸಿ, ಭಾರದ್ದನ್ನು ಕೆಳಗೂ ಹಿಂದೆಯೂ ಇಟ್ಟು, ನೀನು ನಡೆದು ಒಳಗೆ ಹೋಗಲು ನಡುವೆ ದಾರಿ ಬಿಟ್ಟಿದ್ದೇನೆ. ಇಷ್ಟು ಜಾಗದಲ್ಲಿ ಇಷ್ಟೊಂದು ಯಾರೂ ಹಿಡಿಸಿಲ್ಲವೆಂದು ಕಾವಲಿನವರೇ ಒಪ್ಪಿಕೊಂಡರು, ನನಗೆ ಆಶ್ಚರ್ಯವಾಗಲಿಲ್ಲ. ಒಂದೇ ಒಂದು ವಸ್ತುವನ್ನು ಅಲ್ಲಿಡಲಿಲ್ಲ. ನಿನ್ನ ಮೇಜಿನ ಕೆಳಗೆ ತುದಿ ಸೀಳಿದ ತೇಗದ ಪಟ್ಟಿಯೊಂದು ಸಿಕ್ಕಿತು. ನಿನ್ನ ಕೈಯನ್ನು ಮೇಜಿಗೆ ಒತ್ತಿ ಹಿಡಿದು ಅವರು ಹೊಡೆದದ್ದು ಯಾವುದರಿಂದ ಎಂದು ನೀನು ಚಿಕ್ಕಮ್ಮನಿಗೆ ಹೇಳಿದ್ದೆಯಲ್ಲ, ಅದು. ಅದನ್ನು ಪೊಲೀಸರ ಕೈಗೆ ಕೊಟ್ಟೆ.

ಇನ್ನು ಆ ಮನೆಯಲ್ಲಿ ನಿನ್ನದೆನ್ನುವ ಒಂದು ಮೊಳೆಯೂ ಇಲ್ಲ. ಬೀಗದ ಕೀಲಿ ಈ ಲಕೋಟೆಯಲ್ಲೇ ಇದೆ, ಹತ್ತಿಯಲ್ಲಿ ಸುತ್ತಿ ಅಂಟಿಸಿದ್ದೇನೆ. ಕೈ ಕೂಡಿಕೊಂಡ ಮೇಲೆ ಎಲ್ಲಿ ಅಂಗಡಿ ಹಾಕೋಣವೆಂದು ನೀನೇ ಹೇಳು. ನಕ್ಷೆ ನಾನು ಬರೆಯುತ್ತೇನೆ. ಕಿಟಕಿಗಳು ದೊಡ್ಡವಾಗಿಯೇ ಇರುತ್ತವೆ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಹೆಣಿಗೆ ಕಡ್ಡಿಗಳನ್ನು ಬಚ್ಚಿಡಲು ಹೇಳು. ನಿನ್ನ ಹಣೆಗೆ, ಪಟ್ಟಿ ಕಟ್ಟಿದ ಕೈಗೆ, ತುಟಿ ನೋಯದಷ್ಟು ಮೆಲ್ಲಗೆ ಒಂದೊಂದು ಮುತ್ತು.

ಇಂತು,
ಗುಂಡಿನ ಗುರಿ ತಪ್ಪದ ನಿನ್ನ ಮಗಳು

ಮರೆತದ್ದು: ಸೋಮವಾರ ಬೆಳಿಗ್ಗೆ. ಅಂಚೆಯ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಬುಧವಾರ ಒಬ್ಬ ಮಹಿಳಾ ಪೊಲೀಸ್ ಅಧಿಕಾರಿ ನಿನ್ನ ಹೇಳಿಕೆ ಪಡೆಯಲು ಚಿಕ್ಕಮ್ಮನ ಮನೆಗೆ ಬರುತ್ತಾರೆ. ನೀನು ಮಾತಾಡಿದರೆ ಮಾತ್ರ ನಿನ್ನ ಕೈಯ ವಿಷಯ ಮುಂದುವರಿಯುತ್ತದೆಯಂತೆ. ಆಸ್ಪತ್ರೆಯಲ್ಲಿ ನೀನು ಮನೆಯ ಮೆಟ್ಟಿಲಿನಿಂದ ಜಾರಿ ಬಿದ್ದೆ ಎಂದು ಹೇಳಿದ್ದೀಯಂತೆ. ನಿಜವೇ ಎಂದು ಅವರು ನನ್ನನ್ನು ಕೇಳಿದರು. ನಾನು ಅವರನ್ನು ಕರೆದುಕೊಂಡು ಹೋಗಿ ಮನೆಯನ್ನೆಲ್ಲ ತೋರಿಸಿದೆ. ಅಮ್ಮಾ, ನಮ್ಮ ಮನೆಗೆ ಮೆಟ್ಟಿಲೇ ಇಲ್ಲ.